ಅಚ್ಚಿನಲ್ಲಿ ಮೂಡಿದ ಉಗುರು

ಕಳೆದ ಶ್ರಾವಣ ಮಾಸದ ಒಂದು ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ, ಅರವತ್ತೇಳು ವರುಷ ವಯಸ್ಸಿನ ನಾನು, ನನ್ನ ಬಲಗೈಯ ಕಿರುಬೆರಳಿಗೆ ಕೃತಕವಾದ ಒಂದು ಉಗುರನ್ನು ಹಚ್ಚಿಸಿಕೊಂಡೆನು. ಇದನ್ನು ಓದಿ ವಾಚಕ ಬಂಧುಗಳು ನಕ್ಕರೆ ನನಗೆ ಬೇಸರವಿಲ್ಲ. ನಮ್ಮ ಮನೆಯವರೂ ನಕ್ಕರು. ಆದರೆ ಆ ಪ್ರಸಂಗ ನಗೆಗಾಗಿ ನಡೆದುದಲ್ಲ. ಅದರ ಹಿಂದೆ ಒಬ್ಬ ಹೆಣ್ಣುಮಗಳ ಕಾಯಕದ ಪ್ರಶ್ನೆಯಿತ್ತು.

ನನ್ನ ಮೊಮ್ಮಗಳು ಬಿ.ಕಾಂ. ಪದವಿ ಮುಗಿಸಿದವಳು. ಎರಡು ಸಲ ಬ್ಯಾಂಕಿನ ಪರೀಕ್ಷೆಗೆ ಕುಳಿತಳು, ಫಲ ದೊರೆಯಲಿಲ್ಲ. ಆಮೇಲೆ ಆರು ತಿಂಗಳು ಸೌಂದರ್ಯ ಪ್ರಸಾಧನದ ತರಬೇತಿ ಪಡೆದು, ಗೆಳತಿಯ ಬ್ಯೂಟಿ ಪಾರ್ಲರಿನಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಉಗುರಿನ ಕೆಲಸವನ್ನೇ ಮಾಡುವೆನೆಂದು ಹಟ ಹಿಡಿದಳು. ಅವಳ ತಂದೆಗೆ, ಅಂದರೆ ನನ್ನ ಮಗನಿಗೆ, ಇದು ಸರಿಬರಲಿಲ್ಲ. “ಮಂದಿ ಉಗುರು ಹಿಡಕೊಂಡು ಕೂಡೂದು ನಮ್ಮ ಮನಿತನಕ್ಕ ಒಪ್ಪೂದಿಲ್ರಿ ಅಪ್ಪಾ, ನೀವರ ಬುದ್ಧಿ ಹೇಳ್ರಿ” ಎಂದು ಅವನು ನನ್ನ ಬಳಿಗೆ ಬಂದನು. ಅವನ ಹಿಂದೆಯೇ ಅವಳೂ ಬಂದಳು. ನ್ಯಾಯ ಹೇಳುವ ಭಾರ ನನ್ನ ಮೇಲೆ ಬಿತ್ತು.

ಮನೆತನದ ಮಾತನ್ನು ನಾನು ಅಲ್ಲಿಯೇ ತಳ್ಳಿಹಾಕಿದೆನು. ಬಟ್ಟೆ ಒಗೆದ ಮಾಚಯ್ಯನನ್ನೂ, ಹೆಂಡ ಮಾರುತ್ತಿದ್ದ ಮಾರಯ್ಯನನ್ನೂ, ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯನನ್ನೂ ಅವರವರ ಕೆಲಸದ ಹೆಸರಿನಿಂದಲೇ ಕರೆದು ಕೈಮುಗಿಯುವ ನಾವು, ಇನ್ನೊಬ್ಬರ ಕೈಬೆರಳು ಮುಟ್ಟುವ ಕೆಲಸ ಕೀಳೆಂದು ಯಾವ ಬಾಯಿಂದ ಹೇಳುವುದು? ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಇಷ್ಟಲಿಂಗಕ್ಕೂ ಚಂದಯ್ಯ ಕಾಯಕ ವಿಧಿಸಿದನೆಂಬ ಶೂನ್ಯಸಂಪಾದನೆಯ ಪ್ರಸಂಗವನ್ನು ಮಗನಿಗೆ ಚಿಕ್ಕಂದಿನಲ್ಲಿ ಹೇಳಿದವನು ನಾನೇ. ಅವನು ಸುಮ್ಮನಾದನು. ಒಪ್ಪಿದನೆಂದು ಅರ್ಥವಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಬೇರೆಯೊಂದು ಪ್ರಶ್ನೆ ಉಳಿದಿತ್ತು. ಕೆಲಸಕ್ಕೆ ಮೇಲು ಕೀಳಿಲ್ಲ, ನಿಜ. ಆದರೆ ಮಾಡುವವರಿಗಾಗಲಿ ಮಾಡಿಸಿಕೊಳ್ಳುವವರಿಗಾಗಲಿ ನೋವು ತರುವುದು ಕಾಯಕವಾದೀತೆ? ನೋಡದೆ ಹೇಳುವುದು ಸರಿಯಲ್ಲವೆಂದು, “ನನ್ನ ಬೆರಳಿಗೇ ಮಾಡಿ ತೋರಿಸು” ಎಂದೆನು. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, “ಒಂದ ಬೆರಳು ಸಾಕ್ರಿ ಅಜ್ಜಾ” ಎಂದಳು. ಎಡಗೈ ಲಿಂಗಕ್ಕೆ ಪೀಠ. ಅದನ್ನು ಕೊಡಲು ಮನಸ್ಸಾಗಲಿಲ್ಲ. ಬಲಗೈಯಲ್ಲಿ ನಡುವಿನ ಮೂರು ಬೆರಳುಗಳು ತ್ರಿಪುಂಡ್ರಕ್ಕೆ ಬೇಕು. ಕಿರುಬೆರಳನ್ನು ಮುಂದೆ ಮಾಡಿದೆನು.

ಉಗುರಿನ ವಿಷಯದಲ್ಲಿ ನಮ್ಮ ಕಾಲದ ಶಿಕ್ಷಣ ಬಹಳ ಸರಳವಾದುದು. ಮಠದ ಪಾಠಶಾಲೆಯಲ್ಲಿ ಸೋಮವಾರ ಬೆಳಗಿನ ಪೂಜೆಗೆ ಮುಂಚೆ ನಮ್ಮ ಗುರುಗಳು ಎಲ್ಲ ವಿದ್ಯಾರ್ಥಿಗಳ ಕೈಗಳನ್ನು ಬೋರಲು ಮಾಡಿಸಿ ನೋಡುತ್ತಿದ್ದರು. ಉಗುರು ಬೆಳೆದಿದ್ದರೆ ಗೆಣ್ಣಿನ ಮೇಲೆ ಬೆತ್ತ. ಉಗುರು ಇರುವುದು ಕತ್ತರಿಸುವುದಕ್ಕಾಗಿಯೇ ಎಂದು ಬಹುಕಾಲ ನಂಬಿದ್ದೆನು. ಮುಂದೆ ಓಲೆಗರಿಗಳ ಅಭ್ಯಾಸ ಮಾಡುವಾಗ, ದಕ್ಷಿಣ ಭಾರತದ ಕೆಲವು ಲಿಪಿಕಾರರು ಎಡಗೈ ಹೆಬ್ಬೆರಳಿನ ಉಗುರನ್ನು ಬೆಳೆಸಿ, ಅದರಲ್ಲಿ ಸಣ್ಣ ಕಚ್ಚು ಮಾಡಿ, ಬರೆಯುವ ಕಂಠವನ್ನು ಅಲ್ಲಿ ಆನಿಸಿ ಹಿಡಿಯುತ್ತಿದ್ದರೆಂದು ತಿಳಿದಾಗ ಆ ನಂಬಿಕೆ ಸ್ವಲ್ಪ ಸಡಿಲಿತು.

ಇನ್ನು ಆ ಸಂಜೆಯ ಕೆಲಸ. ಮೊದಲು ಉಗುರಿನ ಬುಡದ ತೆಳುವಾದ ಚರ್ಮವನ್ನು ಹಿಂದಕ್ಕೆ ಸರಿಸಿ, ಉಗುರಿನ ಹೊಳಪು ಹೋಗುವಷ್ಟು ಮಾತ್ರ ನಯವಾದ ಅರದಿಂದ ಉಜ್ಜಿದಳು. ಎಣ್ಣೆ ತೇವಗಳು ಹೋಗುವಂತೆ ಒಂದು ದ್ರವದಿಂದ ಒರೆಸಿದಳು. ತಳಲೇಪ ಹಚ್ಚಿ ದೀಪದಡಿಯಲ್ಲಿ ಒಂದು ನಿಮಿಷ ಹಿಡಿಸಿದಳು. ಬಳಿಕ ಅಚ್ಚುಗಳ ಡಬ್ಬಿಯನ್ನು ತೆರೆದಳು. ‘ಡ್ಯುಯಲ್ ಫಾರ್ಮ್’ ಎಂದು ಆ ವೃತ್ತಿಯವರು ಕರೆಯುವ ಈ ಅಚ್ಚು ಪಾರದರ್ಶಕ ಪ್ಲಾಸ್ಟಿಕ್ಕಿನದು. ಉದ್ದವಾದ ಉಗುರಿನ ಸಿಪ್ಪೆಯಂತೆ ಕಾಣುತ್ತದೆ. ಸಂಖ್ಯೆ ಹಾಕಿದ 12 ಅಳತೆಗಳು ಅಲ್ಲಿದ್ದವು. ನನ್ನ ಕಿರುಬೆರಳಿನ ಎರಡೂ ಅಂಚಿಗೆ ಸರಿಯಾಗಿ ಕೂಡುವ ಒಂದನ್ನು ಆರಿಸಲು ಅವಳು ತೆಗೆದುಕೊಂಡ ಸಮಯವನ್ನು ಮಿಕ್ಕ ಯಾವ ಹಂತಕ್ಕೂ ತೆಗೆದುಕೊಳ್ಳಲಿಲ್ಲ.

ಕೊಳವೆಯಿಂದ ಪಾಲಿಜೆಲ್ ಎಂಬ ಗಟ್ಟಿಯಾದ ಅಂಟನ್ನು ಕಡಲೆಕಾಳಿನಷ್ಟು ಹಿಂಡಿ, ಅಚ್ಚಿನ ಒಳಮೈಗೆ ಇಟ್ಟು, ಮದ್ಯಸಾರದ ದ್ರವದಲ್ಲಿ ಅದ್ದಿದ ಕುಂಚದಿಂದ ಹರಡಿದಳು. ಬುಡದ ಕಡೆಗೆ ತೆಳ್ಳಗೆ, ನಡುವೆ ತುಸು ದಪ್ಪ, ತುದಿಗೆ ಮತ್ತೆ ತೆಳ್ಳಗೆ. ಆಮೇಲೆ ಆ ಅಚ್ಚನ್ನು ಓರೆಯಾಗಿ ಹಿಡಿದು ಬುಡದಿಂದ ತುದಿಯವರೆಗೆ ನಿಧಾನವಾಗಿ ನನ್ನ ಉಗುರಿನ ಮೇಲೆ ಒರಗಿಸಿದಳು. ಹೆಚ್ಚಾದ ಅಂಟು ಅಂಚುಗಳಲ್ಲಿ ಒಸರಿತು. ಅದನ್ನು ಒಂದು ಕೂದಲೆಳೆಯಷ್ಟೂ ಚರ್ಮದ ಮೇಲೆ ಉಳಿಯದಂತೆ ಒರೆಸಿದಳು. ಏಕೆ ಅಷ್ಟು ಎಚ್ಚರವೆಂದು ಕೇಳಿದಾಗ, “ಆಮ್ಯಾಲೆ ಹೇಳ್ತೀನ್ರಿ ಅಜ್ಜಾ, ಈಗ ಅಲ್ಲಾಡಬ್ಯಾಡ್ರಿ” ಎಂದಳು. ಬೆರಳು ದೀಪದ ಗೂಡಿನೊಳಗೆ ಹೋಯಿತು. ಕಣ್ಣಿಗೆ ತುಸುವೇ ನೇರಳೆಯಾಗಿ ಕಾಣುವ ಆ ಬೆಳಕು ಅಚ್ಚಿನ ಮೂಲಕ ಹಾಯ್ದು ಅಂಟಿಗೆ ತಾಗಿತು. ಕೆಲವು ಕ್ಷಣಗಳಲ್ಲಿ ಉಗುರಿನಡಿಯಲ್ಲಿ ಚುರ್ ಎಂದು ಬಿಸಿಯಾಯಿತು. ಉಗುರುಬೆಚ್ಚಗೆ ಎಂಬ ನಮ್ಮ ಮಾತಿನ ಹದವನ್ನು ಅದು ಮೀರಿತ್ತು. ಬೆರಳನ್ನು ಹೊರಗೆಳೆದೆನು. ಅಂಟು ಗಟ್ಟಿಯಾಗುವಾಗ ತಾನೇ ಶಾಖ ಬಿಡುತ್ತದೆಂದೂ, ದಪ್ಪವಾಗಿ ಹಚ್ಚಿದಷ್ಟೂ ಶಾಖ ಹೆಚ್ಚೆಂದೂ, ನಡುವೆ ತನ್ನ ಕೈ ತುಸು ಹೆಚ್ಚಾಗಿತ್ತೆಂದೂ ಅವಳು ಒಪ್ಪಿಕೊಂಡಳು. ಒಂದು ನಿಮಿಷದ ಅನಂತರ ಅಚ್ಚನ್ನು ಅತ್ತಿತ್ತ ಅಲುಗಿಸಿ ಬಿಡಿಸಿದಾಗ, ಕನ್ನಡಿಯಂತೆ ನುಣುಪಾದ, ಅರ್ಧ ಅಂಗುಲ ಮುಂದಕ್ಕೆ ಚಾಚಿದ ಒಂದು ಉಗುರು ನನ್ನ ಬೆರಳಿನ ಮೇಲಿತ್ತು. ಅಂಚುಗಳನ್ನು ಅರದಿಂದ ತಿದ್ದಿ, ಮೇಲ್ಲೇಪ ಹಚ್ಚಿ, ಇನ್ನೊಮ್ಮೆ ದೀಪಕ್ಕೆ ಹಿಡಿದರೆ ಕೆಲಸ ಮುಗಿಯಿತು.

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವುದನ್ನು ಉತ್ತರ ಕರ್ನಾಟಕದ ಮನೆಗಳಲ್ಲಿ ಎಲ್ಲರೂ ಬಲ್ಲರು. ನೀರಿನಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚುಗಳನ್ನು ಜೋಡಿಸಿ ಕಟ್ಟಿ, ಹದಕ್ಕೆ ಬಂದ ಪಾಕವನ್ನು ಹೊಯ್ದು, ಗಟ್ಟಿಯಾದ ಮೇಲೆ ಬಿಚ್ಚಿದರೆ ಆನೆ, ಒಂಟೆ, ತೇರು ಹೊರಬರುತ್ತವೆ. ಚಿತ್ರ ಕೊರೆಯುವ ಕೌಶಲವೆಲ್ಲ ಅಚ್ಚಿನಲ್ಲಿಯೇ ಅಡಗಿದೆ. ಹೊಯ್ಯುವವರಿಗೆ ಹದವೊಂದು ಗೊತ್ತಿದ್ದರಾಯಿತು. ಈ ಹೊಸ ವಿಧಾನದ ಗುಟ್ಟೂ ಅದೇ. ಹಿಂದಿನ ಪದ್ಧತಿಯಲ್ಲಿ ಉಗುರಿನ ತುದಿಯ ಕೆಳಗೆ ಕಾಗದದ ಒಂದು ಆಧಾರವನ್ನು ಸಿಕ್ಕಿಸಿ, ಅದರ ಮೇಲೆ ಕುಂಚದಿಂದ ಉಗುರಿನ ಆಕಾರವನ್ನು ಕೈಯಳತೆಯಲ್ಲಿಯೇ ಕಟ್ಟಿ, ಆಮೇಲೆ ಬಹಳ ಹೊತ್ತು ಅರದಿಂದ ಉಜ್ಜಿ ನುಣುಪು ತರಬೇಕಾಗಿತ್ತು. ಅದು ಕೈ ಪಳಗಿದವರ ಕೆಲಸ. ಈಗ ಆಧಾರ ಕೆಳಗಿನಿಂದ ಮೇಲಕ್ಕೆ ಬಂದು ಅಚ್ಚಾಗಿದೆ. ಆಕಾರವೂ ನುಣುಪೂ ಅಚ್ಚಿನಿಂದಲೇ ಬರುತ್ತವೆ. ಆದುದರಿಂದಲೇ ಹೊಸಬರೂ, ಮನೆಯಲ್ಲಿ ಕುಳಿತ ಹುಡುಗಿಯರೂ ಇದಕ್ಕೆ ಧೈರ್ಯವಾಗಿ ಕೈಹಾಕುತ್ತಿದ್ದಾರೆ. ಅನುಕೂಲವೂ ಅಲ್ಲಿದೆ, ತೊಡಕೂ ಅಲ್ಲಿದೆ.

ಈ ವಿದ್ಯೆಯ ಮೂಲ ಅಲಂಕಾರದ ಅಂಗಡಿಯಲ್ಲಿಲ್ಲ, ದಂತವೈದ್ಯರ ಕೋಣೆಯಲ್ಲಿದೆ. 1930ರ ದಶಕದಿಂದ ಕಟ್ಟು ಹಲ್ಲುಗಳನ್ನು ಅಕ್ರಿಲಿಕ್ ಎಂಬ ರಾಳದಿಂದ ಮಾಡತೊಡಗಿದ್ದರು. 1950ರ ದಶಕದಲ್ಲಿ ಅಮೆರಿಕದ ದಂತವೈದ್ಯ ಫ್ರೆಡ್ ಸ್ಲ್ಯಾಕ್ ಎಂಬವರು ಕೆಲಸ ಮಾಡುವಾಗ ತಮ್ಮ ಉಗುರು ಮುರಿದುಕೊಂಡು, ಅಲ್ಲಿಯೇ ಇದ್ದ ಹಲ್ಲಿನ ಅಕ್ರಿಲಿಕ್ಕನ್ನೂ ಅಲ್ಯುಮಿನಿಯಂ ಹಾಳೆಯ ತುಂಡನ್ನೂ ಬಳಸಿ ಅದನ್ನು ಸರಿಪಡಿಸಿಕೊಂಡರು. ಆ ಹಾಳೆಯೇ ಉಗುರಿನ ಮೊದಲ ಅಚ್ಚುಗಳಲ್ಲೊಂದು ಎನ್ನಬೇಕು. ಮುರಿದುದನ್ನು ಜೋಡಿಸಲು ಹುಟ್ಟಿದ ಯುಕ್ತಿ ಮುಂದೆ ಉದ್ದ ಮಾಡುವ ಫ್ಯಾಷನ್ನಾಯಿತು. ಆರಂಭದಲ್ಲಿ ಬಳಸುತ್ತಿದ್ದ ಮೀಥೈಲ್ ಮೆಥಾಕ್ರಿಲೇಟ್ ಎಂಬ ದ್ರವದಿಂದ ಉಗುರು ಹಾಳಾಗಿ, ಚರ್ಮ ಕೆರಳಿದ ದೂರುಗಳು ಬಂದುದರಿಂದ 1970ರ ದಶಕದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅದರ ಮೇಲೆ ಕ್ರಮ ಕೈಗೊಂಡಿತು. ಅದರ ಸ್ಥಾನಕ್ಕೆ ಅದರ ದಾಯಾದಿಗಳು ಬಂದವು. ಇಂದಿನ ಜೆಲ್ ಕೂಡ ಅದೇ ವಂಶದ್ದು. ಬೆಳಕು ತಾಗಿದಾಗ ಗಟ್ಟಿಯಾಗುವಂತೆ ಅದನ್ನು ಮಾರ್ಪಡಿಸಿದ್ದಾರೆ.

ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕು. ಕೊಳವೆಯಲ್ಲಿರುವಾಗ ಈ ಅಂಟಿನ ಕಣಗಳು ಬಿಡಿಬಿಡಿಯಾಗಿವೆ. ಬೆಳಕು ತಾಗಿದೊಡನೆ ಒಂದರ ಕೈಯನ್ನೊಂದು ಹಿಡಿದು ಸರಪಣಿಯಾಗುತ್ತವೆ. ಅದೇ ಗಟ್ಟಿಯಾದ ಉಗುರು. ಸರಪಣಿಯಾದ ಮೇಲೆ ಅದರಿಂದ ದೊಡ್ಡ ಅಪಾಯವಿಲ್ಲ. ಬಿಡಿಯಾಗಿರುವಾಗ ಚರ್ಮಕ್ಕೆ ತಾಗಿದರೆ, ಸಣ್ಣ ಕಣಗಳಾದುದರಿಂದ ಒಳಕ್ಕೆ ಇಳಿಯುತ್ತವೆ. ಮತ್ತೆ ಮತ್ತೆ ತಾಗಿದರೆ ಕೆಲವರ ದೇಹ ಅವುಗಳನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ರಸವನ್ನು ನೆನೆಯಿರಿ. ಹಲವರಿಗೆ ಅದು ಸೋಂಕಿದರೆ ಬೊಬ್ಬೆಯೇಳುತ್ತಿತ್ತು. ಒಮ್ಮೆ ಹಾಗಾದವರು ಬದುಕಿರುವವರೆಗೂ ಅದರಿಂದ ದೂರವೇ ಇರುತ್ತಿದ್ದರು. ಇದೂ ಹಾಗೆಯೇ. ಬೆರಳ ತುದಿಗಳಲ್ಲಿ ತುರಿಕೆ, ಕೆಂಪು, ಬಿರುಕು; ಉಗುರು ತನ್ನ ಹಾಸಿನಿಂದ ಏಳುವುದು; ಕೈ ಸೋಂಕಿದ ರೆಪ್ಪೆ, ಕುತ್ತಿಗೆಗಳಲ್ಲಿಯೂ ಉರಿ. ಇದೇ ವಂಶದ ರಾಳಗಳನ್ನು ಹಲ್ಲಿನ ಬಿಳಿ ತುಂಬುವಿಕೆಗೂ, ಮಂಡಿ ಸೊಂಟಗಳ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯ ಸಿಮೆಂಟಿಗೂ ಬಳಸುವುದರಿಂದ, ಈ ಒಗ್ಗದಿಕೆ ಮುಂದೆ ಚಿಕಿತ್ಸೆಗೇ ಅಡ್ಡಿಯಾದೀತೆಂದು ಬ್ರಿಟನ್ನಿನ ಚರ್ಮತಜ್ಞರ ಸಂಘವು 2018ರಲ್ಲಿ ಎಚ್ಚರಿಸಿತು. ಮಂಡಿನೋವಿನ ನನಗೆ ಆ ಮಾತು ಬೇಗನೆ ನಾಟಿತು!

ಐರೋಪ್ಯ ಒಕ್ಕೂಟವು ಹೀಮಾ ಎಂಬ ಘಟಕವಿರುವ ಉಗುರಿನ ಸಾಮಗ್ರಿಯನ್ನು 2021ರಿಂದ ವೃತ್ತಿಪರರ ಬಳಕೆಗೆ ಮಾತ್ರ ಸೀಮಿತಗೊಳಿಸಿದೆ. ಬೆಳಕಿನಿಂದ ಗಟ್ಟಿಯಾಗಲು ಸೇರಿಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು 2025ರ ಸೆಪ್ಟೆಂಬರ್ 1ರಿಂದ ಪ್ರಸಾಧನ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ನಮ್ಮ ಹುಡುಗಿಯರು ಅಂಚೆಯಲ್ಲಿ ತರಿಸುವ ಅಗ್ಗದ ಪೆಟ್ಟಿಗೆಗಳ ಮೇಲೆ ಎಷ್ಟೋ ಸಲ ಘಟಕಗಳ ಪಟ್ಟಿಯೇ ಇರುವುದಿಲ್ಲ. ಒಂದು ಕಂಪನಿಯ ಅಂಟು, ಇನ್ನೊಂದರ ದೀಪ. ದೀಪದ ಶಕ್ತಿ ಸಾಲದಿದ್ದರೆ, ಅಥವಾ ಅಂಟು ದಪ್ಪವಾಗಿದ್ದರೆ, ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಬಿಡಿ ಕಣಗಳು ಉಳಿದೇ ಇರುತ್ತವೆ. ಅರದಿಂದ ಉಜ್ಜಿದಾಗ ಹಾರುವ ಪುಡಿಯಲ್ಲಿ ಅವೂ ಬರುತ್ತವೆ. ಅಚ್ಚು ಆಕಾರವನ್ನು ಕೊಟ್ಟೀತು. ಈ ಹದವನ್ನು ಕೊಡಲಾರದು.

ಮೊಮ್ಮಗಳು ನನ್ನ ಚರ್ಮದಂಚನ್ನು ಅಷ್ಟು ಎಚ್ಚರದಿಂದ ಒರೆಸಿದ ಕಾರಣ ಆಗ ತಿಳಿಯಿತು. ತರಬೇತಿಯಲ್ಲಿ ಅವಳ ಪಕ್ಕದಲ್ಲಿ ಕೂಡುತ್ತಿದ್ದ ಹುಡುಗಿಯೊಬ್ಬಳು ಅಂಟನ್ನು ಬರಿಬೆರಳಿನಿಂದಲೇ ತಿದ್ದುವ ರೂಢಿ ಮಾಡಿಕೊಂಡಿದ್ದಳು. ಕಲಿಸುವವರು ತಡೆಯಲಿಲ್ಲ. ನಾಲ್ಕನೆಯ ತಿಂಗಳಿಗೆ ಅವಳ ಹೆಬ್ಬೆರಳು ತೋರುಬೆರಳುಗಳು ಒಡೆದು ರೊಟ್ಟಿ ಮುರಿಯಲೂ ಬಾರದಂತಾಯಿತು. ಚರ್ಮತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿ, ಈ ಕೆಲಸ ಇನ್ನು ಬೇಡವೆಂದರು. ತಂದೆಯಿಲ್ಲದ ಮನೆ, ಶುಲ್ಕಕ್ಕೆ ಸಾಲ ಮಾಡಿದ್ದರಂತೆ. ಮಾಡಿಸಿಕೊಳ್ಳುವವರಿಗೆ ತಿಂಗಳಿಗೊಮ್ಮೆ ತಾಗುವುದು ಮಾಡುವವರಿಗೆ ದಿನಕ್ಕೆ ಹತ್ತು ಸಲ ತಾಗುತ್ತದೆ. ಗಿರಾಕಿಯ ಬೆರಳನ್ನು ಮಾತ್ರ ಕಾಯುವುದನ್ನು ಕಲಿಸಿ, ಕಲಿಯುವವಳ ಕೈಯನ್ನು ಮರೆಯುವ ಇಂತಹ ತರಬೇತಿಗೆ ನಾನು ವಿದ್ಯೆಯೆಂಬ ಹೆಸರನ್ನು ಕೊಡಲಾರೆನು.

ದೀಪದ ವಿಷಯದಲ್ಲಿಯೂ ಜನರಲ್ಲಿ ಅಂಜಿಕೆಯಿದೆ. 2023ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಆ ಕಿರಣ ಹಾಯಿಸಿ ಹಾನಿಯನ್ನು ಕಂಡರು. ಅದು ಬಟ್ಟಲಿನಲ್ಲಿನ ಕೋಶಗಳ ಮಾತು, ಜೀವಂತ ಕೈಯದಲ್ಲ. ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟರೆ ಆ ಚಿಂತೆ ಬಹಳಮಟ್ಟಿಗೆ ತೀರುತ್ತದೆ.

ಅದಕ್ಕಿಂತ ಗಂಭೀರವಾದುದು ಆಸ್ಪತ್ರೆಯ ವಿಷಯ. ನಮ್ಮ ಸಮಾಜದ ಅನೇಕ ಹೆಣ್ಣುಮಕ್ಕಳು ಶುಶ್ರೂಷೆಯ ವೃತ್ತಿಯಲ್ಲಿರುವುದರಿಂದ ಇದನ್ನು ಬಿಡುವಂತಿಲ್ಲ. ಅಮೆರಿಕದ ಓಕ್ಲಹೋಮಾದ ಆಸ್ಪತ್ರೆಯೊಂದರ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ 1997ರ ಜನವರಿಯಿಂದ 1998ರ ಮಾರ್ಚ್‌ವರೆಗೆ 46 ಶಿಶುಗಳಿಗೆ ಸೂಡೊಮೋನಾಸ್ ಎಂಬ ರೋಗಾಣು ತಗುಲಿತು. ಅವುಗಳಲ್ಲಿ 16 ಶಿಶುಗಳು ತೀರಿಕೊಂಡವು. ತನಿಖೆ ಮಾಡಿದಾಗ ಇಬ್ಬರು ದಾದಿಯರ ಕೈಗಳಲ್ಲಿ ಆ ರೋಗಾಣು ದೊರೆಯಿತು. ಒಬ್ಬಳದು ಉದ್ದವಾಗಿ ಬೆಳೆಸಿದ ಉಗುರು, ಇನ್ನೊಬ್ಬಳದು ಉದ್ದವಾದ ಕೃತಕ ಉಗುರು. ಉಗುರೇ ಏಕೈಕ ಕಾರಣವೆಂದು ತನಿಖೆಗಾರರು ಹೇಳಲಿಲ್ಲ, ಪಾತ್ರ ವಹಿಸಿರಬಹುದೆಂದರು. ಅಷ್ಟು ಸಾಕಾಯಿತು. ಗಂಡಾಂತರದಲ್ಲಿರುವ ರೋಗಿಗಳನ್ನು ಮುಟ್ಟುವವರು ಕೃತಕ ಉಗುರು ಧರಿಸಬಾರದೆಂದು ಆ ದೇಶದ ರೋಗನಿಯಂತ್ರಣ ಕೇಂದ್ರವು 2002ರಲ್ಲಿ ಸೂಚಿಸಿತು. ಕೃತಕ ಉಗುರು ಒಂದು ಅಂಚಿನಲ್ಲಿ ತುಸು ಎದ್ದರೆ ಅದರಡಿಯಲ್ಲಿ ನೀರು ನಿಂತು ಇದೇ ರೋಗಾಣು ಹಸಿರು ಕಲೆಯಾಗಿ ಬೆಳೆಯುವುದುಂಟು. ಆ ಕಲೆಯನ್ನು ಬಣ್ಣ ಬಳಿದು ಮುಚ್ಚಬಾರದು. ತೆಗೆಸಿ ವೈದ್ಯರಿಗೆ ತೋರಿಸಬೇಕು. ಬಾಣಂತಿಯ ಕೋಣೆಗೆ ಕೂಸನ್ನು ಎತ್ತಿಕೊಳ್ಳಲು ಹೋಗುವ ಅತ್ತಿಗೆ ನಾದಿನಿಯರಿಗೂ ಇಷ್ಟು ವಿವೇಕ ಇರಲಿ ಎಂದು ನನ್ನ ಅಭಿಪ್ರಾಯ.

ಮರುದಿನ ಬೆಳಗ್ಗೆ ಲಿಂಗಪೂಜೆಗೆ ಕುಳಿತೆನು. ಎಡ ಅಂಗೈಯಲ್ಲಿ ಲಿಂಗಯ್ಯನನ್ನು ಇಟ್ಟುಕೊಂಡು ಬಲಗೈಯಲ್ಲಿ ನೀರಿನ ಗಿಂಡಿಯನ್ನು ಎತ್ತಿದಾಗ ಆ ಉಗುರು ಗಿಂಡಿಯ ಕಂಠಕ್ಕೆ ತಾಗಿ ಟಿಕ್ ಎಂದಿತು. ವಿಭೂತಿ ಧರಿಸುವಾಗ ಹಣೆಯ ಪಕ್ಕವನ್ನು ಗೀರಿತು. ಪೂಜೆಗೆ ಲೋಪವಾಯಿತೆಂದು ನಾನು ಹೇಳಲಾರೆ. ಉಗುರಿಗೆ ಮೈಲಿಗೆ ಹಚ್ಚುವ ವಿಚಾರ ನಮ್ಮ ಶರಣರದಲ್ಲ. ಆದರೆ ದೃಷ್ಟಿ ಲಿಂಗದಲ್ಲಿ ನಿಲ್ಲಬೇಕಾದಾಗ ಮನಸ್ಸು ಕಿರುಬೆರಳಿಗೆ ಓಡಿತೆಂಬುದು ನಿಜ. ಊಟದಲ್ಲಿ ಬದನೆಕಾಯಿ ಎಣ್ಣೆಗಾಯಿಯ ಮಸಾಲೆ ಉಗುರಿನಡಿ ಸೇರಿ ರಾತ್ರಿಯವರೆಗೂ ಹೋಗಲಿಲ್ಲ. ನನ್ನ ಮಡದಿ, “ಇನ್ನೊಂದು ನಾಲ್ಕು ಬೆರಳಿಗೂ ಹಚ್ಚಿಸಿಕೊಳ್ರಿ, ಮದುವಿಗೆ ಚಂದ ಕಾಣ್ತದ” ಎಂದು ಎಂಟು ದಿನ ಕೆಣಕಿದಳು. ಮದುವೆಗೆಂದು ಗೋರಂಟಿ ಹಚ್ಚಿಕೊಂಡ ಉಗುರಿನ ಕೆಂಪು ತಿಂಗಳುಗಟ್ಟಲೆ ಉಳಿಯುವುದನ್ನು ಅವಳೇ ನೆನಪಿಸಿದಳು. ಗೋರಂಟಿಯ ಬಣ್ಣ ಉಗುರಿನ ದ್ರವ್ಯದೊಡನೆಯೇ ಬೆರೆತು, ಉಗುರಿನ ಜೊತೆಗೆ ಬೆಳೆದು ಹೋಗುತ್ತದೆ, ಬಿಡಿಸುವ ಗೋಜಿಲ್ಲ. ಅಚ್ಚಿನ ಉಗುರಿಗೆ ಬಿಡಿಸುವುದೇ ದೊಡ್ಡ ಕೆಲಸ.

ಒಂಬತ್ತನೆಯ ದಿನ ತೆಗೆದುಬಿಡು ಎಂದೆನು. ಕಿತ್ತು ತೆಗೆದರೆ ಕೆಳಗಿನ ಸ್ವಂತ ಉಗುರಿನ ಪದರವೂ ಎದ್ದುಬರುತ್ತದೆ. ಆದುದರಿಂದ ಮೊದಲು ಉದ್ದವನ್ನು ಕತ್ತರಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ನಿಧಾನವಾಗಿ ಅರದಿಂದ ತೆಳುವಾಗಿಸುತ್ತ ಬಂದು, ಕೊನೆಯ ತೆಳುಪದರವನ್ನು ಹಾಗೆಯೇ ಬಿಟ್ಟಳು. ಅದು ಉಗುರು ಬೆಳೆದಂತೆ ತಾನೇ ಹೋಗಲಿ ಎಂದಳು. ಹಚ್ಚುವುದಕ್ಕಿಂತ ತೆಗೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. “ಇಷ್ಟು ಹೊತ್ತಿಗೆ ಯಾರೂ ರೊಕ್ಕಾ ಕೊಡೂದಿಲ್ರಿ ಅಜ್ಜಾ, ಅದಕ್ಕ ಎಲ್ಲಾರೂ ಕಿತ್ತ ಬಿಡ್ತಾರ” ಎಂದಳು. ಕೊಡದಿದ್ದರೂ ನೀನು ಕಿತ್ತುಬಿಡುವೆಯಾ ಎಂದು ಕೇಳಿದೆನು. ಇಲ್ಲವೆಂದಳು.

ಆ ಉತ್ತರದ ಮೇಲೆಯೇ ನನ್ನ ತೀರ್ಮಾನ ನಿಂತಿತು. ಮಗನನ್ನು ಕರೆದು, ಅವಳು ಹೋಗಲಿ ಎಂದೆನು. ಅವಳಿಗೂ ಕೆಲವು ಮಾತು ಹೇಳಿದೆನು. ನೈಟ್ರೈಲ್ ಕೈಗವಸಿಲ್ಲದೆ ಅಂಟಿನ ಕೊಳವೆ ತೆರೆಯಕೂಡದು, ಅದೇ ಗವಸನ್ನು ಇಡೀ ದಿನ ತೊಡಕೂಡದು, ಏಕೆಂದರೆ ಈ ಕಣಗಳು ತೆಳುವಾದ ಗವಸನ್ನೂ ದಾಟುತ್ತವೆ. ಘಟಕಗಳ ಪಟ್ಟಿಯಿಲ್ಲದ ಸಾಮಗ್ರಿ ಎಷ್ಟೇ ಅಗ್ಗವಾದರೂ ಬೇಡ. ಅಂಟಿಗೂ ದೀಪಕ್ಕೂ ಹೊಂದಿಕೆಯಿರಲಿ. ಬೆರಳು ತುರಿಸುತ್ತದೆ ಎಂದವರಿಗೆ ಆ ದಿನ ಕೆಲಸ ಮಾಡದೆ ಕಳಿಸು. ದಾದಿಯೆಂದು ತಿಳಿದರೆ ಹಣ ಬಿಟ್ಟಾದರೂ ತಿಳಿಹೇಳು. ಹೆಚ್ಚಾಗಿ ತಂದ ಅಕ್ಕಿಯನ್ನು ಗಂಡನಿಂದ ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಹೆಸರನ್ನು ನಾನು ಎತ್ತುವ ಮೊದಲೇ ಅವಳು, “ಗೊತ್ತೈತ್ರಿ ಅಜ್ಜಾ, ಲಕ್ಕಮ್ಮ” ಎಂದು ನಕ್ಕಳು. ಪುರಾಣ ಹೇಳುವ ಅಜ್ಜಂದಿರಿಗೆ ಇದೊಂದು ಶಿಕ್ಷೆ.

ಅವಳು ಕೆಲಸ ಆರಂಭಿಸಿ ಎರಡು ತಿಂಗಳು ಕಳೆದವು. ಮೊದಲ ತಿಂಗಳ ಗಳಿಕೆಯಲ್ಲಿ ಬಾಡಿಗೆ ಸಾಮಗ್ರಿ ಹೋಗಿ ಉಳಿದುದು ಅಲ್ಪ. ಮಗ ಅವಳ ಕೆಲಸದ ಮಾತನ್ನು ಇಂದಿಗೂ ಎತ್ತುವುದಿಲ್ಲ. ಆದರೆ ಹೋದ ವಾರ ಔಷಧದ ಅಂಗಡಿಯಿಂದ ನನ್ನ ಮಾತ್ರೆಗಳನ್ನು ತಂದಾಗ, ಅದೇ ಚೀಲದಲ್ಲಿ ಕೈಗವಸುಗಳ ಒಂದು ಡಬ್ಬಿಯೂ ಇತ್ತು. ಯಾರಿಗೆಂದು ಯಾರೂ ಕೇಳಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಗೌರಿ ಹುಣ್ಣಿಮೆ ಬಂದಿದೆ. ಅಡುಗೆಮನೆಯ ಕೊಳಗದಲ್ಲಿ ಸಕ್ಕರೆ ಆರತಿಯ ಅಚ್ಚುಗಳು ನೆನೆಯುತ್ತಿವೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸತಾಗಲು ಆರು ತಿಂಗಳು ಬೇಕು. ಕಿರುಬೆರಳಿನದು ಇತರ ಬೆರಳುಗಳಿಗಿಂತ ನಿಧಾನ, ವಯಸ್ಸಾದವರದು ಇನ್ನೂ ನಿಧಾನ. ಅರ ತಾಗಿದ ಒರಟು ಭಾಗ ನನ್ನ ಉಗುರಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚಿದೆ. ಅದರ ಕೆಳಗೆ, ಬುಡದಿಂದ, ನುಣುಪಾದ ಹೊಸ ಉಗುರು ಮೇಲೆ ಬರುತ್ತಿದೆ. ಮೊಮ್ಮಗಳು ಭಾನುವಾರಕ್ಕೊಮ್ಮೆ ಕನ್ನಡಕ ಕೇಳಿ ಪಡೆದು, ಬೆರಳು ಹಿಡಿದು ನೋಡುತ್ತಾಳೆ.